ಬಾಡಿಗೆ ಚೀಟಿ ಸಿಕ್ಕಿತು, ಬೀಗದ ಕೈ ಯಾರ ಹತ್ತಿರ?

2024ರ ಜೂನ್‌ನಲ್ಲಿ ನ್ಯೂಯಾರ್ಕ್ ನಗರದ ವಸತಿ ಪ್ರಾಧಿಕಾರ ಒಂದು ವಾರದ ಮಟ್ಟಿಗೆ ಅರ್ಜಿ ತೆಗೆದುಕೊಂಡಿತು. ಅರ್ಜಿ ಮನೆಗಲ್ಲ. ಬಾಡಿಗೆ ಸಹಾಯದ ವೋಚರ್‌ಗೂ ಅಲ್ಲ. ಆ ವೋಚರ್‌ಗೆ ಕಾಯುವವರ ಪಟ್ಟಿಯಲ್ಲಿ ಒಂದು ಜಾಗ ಸಿಗಲಿ ಅಂತ. 2009ರ ಕೊನೆಗೆ ಮುಚ್ಚಿದ್ದ ಪಟ್ಟಿ ಅಷ್ಟು ವರ್ಷದ ಮೇಲೆ ಮತ್ತೆ ತೆರೆದಿತ್ತು. ಆರು ಲಕ್ಷಕ್ಕೂ ಜಾಸ್ತಿ ಅರ್ಜಿ ಬಂದವು. ಲಾಟರಿ ಎತ್ತಿ 2 ಲಕ್ಷ ಮಂದಿಯನ್ನು ಪಟ್ಟಿಗೆ ಸೇರಿಸಿದರು. ಉಳಿದವರಿಗೆ ಕಾಯುವ ಭಾಗ್ಯವೂ ಇಲ್ಲ.

ದೂರದ ಊರಿನ ಕತೆ ಅನಿಸಬಹುದು. ಆದರೆ ಬೆಂಗಳೂರಲ್ಲಿ ಟು-ಲೆಟ್ ಬೋರ್ಡ್ ಹುಡುಕಿಕೊಂಡು ಒಂದು ಭಾನುವಾರವಾದರೂ ಅಲೆದವರಿಗೆ ಈ ವೋಚರ್ ಎಲ್ಲಿ ಎಡವುತ್ತದೆ ಅನ್ನೋದು ಬೇಗ ಅರ್ಥವಾಗುತ್ತದೆ. ಜೇಬಲ್ಲಿ ಬಾಡಿಗೆ ದುಡ್ಡು ಇರುವುದು ಒಂದು, ಮನೆ ಸಿಗುವುದು ಇನ್ನೊಂದು.

ವೋಚರ್ ಅಂದರೆ ಒಂದು ಚೀಟಿ. ಚೀಟಿ ಹಣ ಕಟ್ಟುತ್ತೀವಲ್ಲ ಆ ಚೀಟಿಯಲ್ಲ, ಸೊಸೈಟಿಯಲ್ಲಿ ರೇಷನ್‌ಗೆ ತೋರಿಸುವ ಚೀಟಿಯ ಥರದ್ದು. ಅಮೆರಿಕದಲ್ಲಿ ಇದನ್ನು ಎಲ್ಲರೂ ಸೆಕ್ಷನ್ 8 ಅಂತಲೇ ಕರೆಯುತ್ತಾರೆ. ಸರ್ಕಾರಿ ಕಾಗದದಲ್ಲಿ ಇದರ ಹೆಸರು ಹೌಸಿಂಗ್ ಚಾಯ್ಸ್ ವೋಚರ್. ದುಡ್ಡು ಕೇಂದ್ರ ಸರ್ಕಾರದ್ದು, ವರ್ಷಕ್ಕೆ 3,000 ಕೋಟಿ ಡಾಲರ್‌ಗೂ ಹೆಚ್ಚು. ಹಂಚುವ ಕೆಲಸ 2,000ಕ್ಕೂ ಹೆಚ್ಚು ಸ್ಥಳೀಯ ವಸತಿ ಪ್ರಾಧಿಕಾರಗಳದ್ದು. ಸುಮಾರು 23 ಲಕ್ಷ ಕುಟುಂಬಗಳು ಇದರ ಆಸರೆಯಲ್ಲಿವೆ. ಮನೆ ಮಾತ್ರ ಸರ್ಕಾರದ್ದಲ್ಲ, ಯಾರೋ ಖಾಸಗಿ ಓನರ್‌ದು.

ಲೆಕ್ಕ ಹೀಗೆ. ಒಬ್ಬ ತಾಯಿ, ಇಬ್ಬರು ಸಣ್ಣ ಮಕ್ಕಳು ಅಂತ ಇಟ್ಟುಕೊಳ್ಳೋಣ. ಯಾವುದೋ ಅಂಗಡಿಯಲ್ಲಿ ಕೆಲಸ, ತಿಂಗಳಿಗೆ 2,080 ಡಾಲರ್ ಸಂಬಳ. ಮಕ್ಕಳಿದ್ದರೆ ಆದಾಯದಲ್ಲಿ ಒಂದಿಷ್ಟು ಬಿಟ್ಟು ಲೆಕ್ಕ ಹಾಕುತ್ತಾರೆ. ಒಂದು ಮಗುವಿಗೆ ವರ್ಷಕ್ಕೆ 480 ಡಾಲರ್ ಅನ್ನೋದು ಬಹಳ ಕಾಲ ಇದ್ದ ದರ. ಇಬ್ಬರಿಗೂ ಸೇರಿ ತಿಂಗಳಿಗೆ 80 ಡಾಲರ್ ಆಯಿತು. ಉಳಿದದ್ದು 2,000. ಅದರಲ್ಲಿ ಶೇ 30, ಅಂದರೆ 600 ಡಾಲರ್, ಆಕೆಯ ಪಾಲಿನ ಬಾಡಿಗೆ.

ಇನ್ನು ಸರ್ಕಾರದ ಪಾಲು. ಆ ಊರಲ್ಲಿ ಎರಡು ಬೆಡ್‌ರೂಮಿನ ಮನೆಗೆ ಎಷ್ಟು ಬಾಡಿಗೆ ಸರಿ ಅಂತ ಕೇಂದ್ರದ ವಸತಿ ಇಲಾಖೆ ಪ್ರತಿ ವರ್ಷ ಒಂದು ಅಂಕಿ ಕೊಡುತ್ತದೆ. ಊರಿನ ಬಾಡಿಗೆಗಳನ್ನೆಲ್ಲ ಕಡಿಮೆಯಿಂದ ಜಾಸ್ತಿಗೆ ಸಾಲಾಗಿ ನಿಲ್ಲಿಸಿದರೆ ನೂರರಲ್ಲಿ ನಲವತ್ತನೆಯದು ಎಷ್ಟಿರುತ್ತದೋ ಅದು. ಕರೆಂಟು, ಗ್ಯಾಸು, ನೀರಿನ ಖರ್ಚೂ ಅದರಲ್ಲೇ ಸೇರಿದೆ. ಅದರ ಶೇ 90ರಿಂದ 110ರ ಒಳಗೆ ಸ್ಥಳೀಯ ಪ್ರಾಧಿಕಾರ ತನ್ನ ಮಿತಿ ಇಟ್ಟುಕೊಳ್ಳಬಹುದು. ಈ ತಾಯಿಯ ಊರಲ್ಲಿ ಆ ಮಿತಿ 1,500 ಡಾಲರ್ ಅಂತಿರಲಿ. ಅದರಲ್ಲಿ ಆಕೆಯ 600 ಕಳೆದರೆ ಉಳಿಯುವ 900 ಡಾಲರ್ ಸರ್ಕಾರ ಕೊಡುತ್ತದೆ. ದುಡ್ಡು ಆಕೆಯ ಕೈ ಮುಟ್ಟುವುದೇ ಇಲ್ಲ, ನೇರ ಓನರ್‌ಗೆ ಹೋಗುತ್ತದೆ.

ಆಕೆಗೆ 1,400ರ ಮನೆ ಸಿಕ್ಕಿತು ಅನ್ನಿ. ಆಗಲೂ ಆಕೆ ಕೊಡುವುದು 600. ಸರ್ಕಾರ ಕೊಡುವುದು 800ಕ್ಕೆ ಇಳಿಯುತ್ತದೆ. ಚೌಕಾಸಿ ಮಾಡಿ ಉಳಿಸಿದ 100 ಡಾಲರ್ ಆಕೆಗಲ್ಲ. ಹಾಗಾಗಿ ಮಿತಿಯ ಒಳಗೆ ಚೌಕಾಸಿ ಮಾಡುವ ಗರಜು ಬಾಡಿಗೆದಾರರಿಗೆ ಇರುವುದಿಲ್ಲ. 1,650ರ ಮನೆ ಹಿಡಿಸಿತಾ? ಮಿತಿ ಮೀರಿದ 150 ಪೂರ್ತಿ ಆಕೆಯ ತಲೆ ಮೇಲೆ, ಅಂದರೆ 750 ಕಟ್ಟಬೇಕು. 1,750ರ ಮನೆಯಾದರೆ 850 ಕಟ್ಟಬೇಕಾಗುತ್ತದೆ. ಅದಕ್ಕೆ ಪ್ರಾಧಿಕಾರವೇ ಒಪ್ಪುವುದಿಲ್ಲ. ಮಿತಿ ಮೀರಿದ ಮನೆಗೆ ಹೊಸದಾಗಿ ಸೇರುವಾಗ ಆದಾಯದ ಶೇ 40ಕ್ಕಿಂತ ಜಾಸ್ತಿ ಬಾಡಿಗೆಗೆ ಹೋಗಬಾರದು ಅಂತ ನಿಯಮ.

ಸಂಬಳ 100 ಡಾಲರ್ ಏರಿದರೆ ಆಕೆಯ ಪಾಲು 30 ಡಾಲರ್ ಏರುತ್ತದೆ. ಮೇಲ್ನೋಟಕ್ಕೆ ನ್ಯಾಯವೇ. ಆದರೆ ಓವರ್‌ಟೈಮ್ ಮಾಡಿ ತಂದ ನೂರರಲ್ಲಿ ಮೂವತ್ತು ಬಾಡಿಗೆಗೇ ಹೋಯಿತು ಅಂದರೆ ಮೈಗಳ್ಳರಲ್ಲದವರೂ ಒಮ್ಮೆ ಯೋಚಿಸುತ್ತಾರೆ. ಶಿಕಾಗೊದಲ್ಲಿ 1997ರಲ್ಲಿ ಲಾಟರಿ ಮೂಲಕ ವೋಚರ್ ಹಂಚಿದ್ದರು. ಚೀಟಿ ಎದ್ದವರನ್ನೂ ಏಳದವರನ್ನೂ ಹೋಲಿಸಿ ನೋಡಿದಾಗ, ಸಿಕ್ಕವರಲ್ಲಿ ಕೆಲಸಕ್ಕೆ ಹೋಗುವವರು ಸುಮಾರು ನೂರಕ್ಕೆ ನಾಲ್ಕು ಮಂದಿಯಷ್ಟು ಕಡಿಮೆ ಇದ್ದರು. ದೊಡ್ಡ ಅಂಕಿಯೇನಲ್ಲ, ಇಲ್ಲ ಅಂತಲೂ ಹೇಳಲಾಗದು.

ಈ 30 ಎಲ್ಲಿಂದ ಬಂತು? ಶಾಸ್ತ್ರವೇನೂ ಇಲ್ಲ. 1960ರ ದಶಕದಲ್ಲಿ ಸರ್ಕಾರಿ ವಸತಿ ಕಟ್ಟಡಗಳ ಬಾಡಿಗೆ ಬಡವರ ಕೈಗೆ ಎಟುಕದಷ್ಟು ಏರಿತ್ತು. 1969ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಬಾಡಿಗೆದಾರರು ಬಾಡಿಗೆ ಕಟ್ಟುವುದನ್ನೇ ನಿಲ್ಲಿಸಿ ಮುಷ್ಕರ ಹೂಡಿದರು. ಅದೇ ವರ್ಷ ಮ್ಯಾಸಚೂಸೆಟ್ಸ್‌ನ ಸೆನೆಟರ್ ಎಡ್ವರ್ಡ್ ಬ್ರೂಕ್, ಬಾಡಿಗೆ ಆದಾಯದ ಶೇ 25 ದಾಟಬಾರದು ಅಂತ ತಿದ್ದುಪಡಿ ತಂದರು. 1981ರಲ್ಲಿ, ರೇಗನ್ ಕಾಲದಲ್ಲಿ, ಅದು 30 ಆಯಿತು. ಈಗ ಎಷ್ಟೋ ಹಣಕಾಸು ಸಲಹೆಗಾರರು 'ಬಾಡಿಗೆ ಶೇ 30ರ ಒಳಗಿರಲಿ' ಅಂತ ವೇದವಾಕ್ಯದ ಹಾಗೆ ಹೇಳುತ್ತಾರೆ. ಅಸಲಿಗೆ ಅದು ಖರ್ಚು ಕಡಿತದ ಒಂದು ವರ್ಷ ಬಜೆಟ್ ಸರಿದೂಗಿಸಲು ಏರಿಸಿದ ಅಂಕಿ.

ಸೆಕ್ಷನ್ 8 ಬಂದದ್ದು 1974ರಲ್ಲಿ. ಸರ್ಕಾರವೇ ಕಟ್ಟಡ ಕಟ್ಟಿ ಬಡವರನ್ನು ಒಂದೇ ಕಡೆ ಗುಡ್ಡೆ ಹಾಕುವುದು ಸಾಕು, ದುಡ್ಡು ಕೊಡೋಣ, ಬೇಕಾದ ಕಡೆ ಮನೆ ಹುಡುಕಿಕೊಳ್ಳಲಿ ಅನ್ನೋದು ಆಗಿನ ಲೆಕ್ಕಾಚಾರ. ಹೆಸರಲ್ಲಿ ಚಾಯ್ಸ್ ಅನ್ನೋ ಪದ ಸೇರಿದ್ದು ಆಮೇಲೆ, 1998ರ ಕಾನೂನಿನ ಹೊತ್ತಿಗೆ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಇದು ಹಕ್ಕಲ್ಲ. ಆದಾಯದ ಅರ್ಹತೆ ಇದ್ದವರಿಗೆಲ್ಲ ಆಹಾರದ ನೆರವು ಸಿಗುತ್ತದೆ, ಬಾಡಿಗೆ ನೆರವು ಸಿಗುವುದಿಲ್ಲ. ಸಂಸತ್ತು ಆ ವರ್ಷ ಎಷ್ಟು ದುಡ್ಡು ಕೊಟ್ಟಿತೋ ಅಷ್ಟೇ ಚೀಟಿ. ಅರ್ಹರಾದ ನಾಲ್ಕು ಕುಟುಂಬಗಳಲ್ಲಿ ಒಂದಕ್ಕೆ ಮಾತ್ರ ಕೇಂದ್ರದ ಯಾವುದಾದರೂ ಬಾಡಿಗೆ ಸಹಾಯ ಸಿಗುತ್ತದೆ. ಹೊಸ ವೋಚರ್‌ಗಳಲ್ಲಿ ಮುಕ್ಕಾಲು ಪಾಲು ಕಡುಬಡವರಿಗೇ ಹೋಗಬೇಕು ಅನ್ನೋ ನಿಯಮ ಇದೆ, ಅದು ಒಳ್ಳೆಯದೇ. ಆದರೆ ಒಂದೇ ಓಣಿಯ, ಒಂದೇ ಸಂಬಳದ ನಾಲ್ಕು ಮನೆಗಳಲ್ಲಿ ಒಂದಕ್ಕೆ ತಿಂಗಳಿಗೆ 900 ಡಾಲರ್, ಮೂರಕ್ಕೆ ಸೊನ್ನೆ.

ಸರಿ, ಲಾಟರಿ ಎದ್ದಿತು. ವರ್ಷಗಟ್ಟಲೆ ಕಾದದ್ದೂ ಆಯಿತು. ಚೀಟಿ ಕೈಗೆ ಬಂತು. ಗಡಿಯಾರ ಶುರುವಾಗುವುದು ಈಗ. ಮೊದಲಿಗೆ ಕೊಡುವ ಗಡುವು ಕಡಿಮೆಯೆಂದರೆ 60 ದಿನ. ಪ್ರಾಧಿಕಾರ ಮನಸ್ಸು ಮಾಡಿದರೆ ಇನ್ನಷ್ಟು ದಿನ. ಅಷ್ಟರಲ್ಲಿ ಮಿತಿಯೊಳಗಿನ ಮನೆ ಸಿಗಬೇಕು, ಓನರ್ ಒಪ್ಪಬೇಕು, ಇನ್‌ಸ್ಪೆಕ್ಟರ್ ಬಂದು ನೋಡಬೇಕು. ಹೊಗೆ ಬಂದರೆ ಕೂಗುವ ಅಲಾರಂ ಇದೆಯಾ, ಬಿಸಿನೀರು ಬರುತ್ತಾ, ಕಿಟಕಿ ಚಿಲಕ ಕೂರುತ್ತಾ. 1978ಕ್ಕಿಂತ ಹಳೆಯ ಮನೆಯಾಗಿ ಸಣ್ಣ ಮಕ್ಕಳಿದ್ದರೆ ಗೋಡೆಯ ಬಣ್ಣ ಸಿಪ್ಪೆ ಎದ್ದಿದೆಯಾ ಅಂತ ವಿಶೇಷವಾಗಿ ನೋಡುತ್ತಾರೆ, ಹಳೆ ಬಣ್ಣದಲ್ಲಿ ಸೀಸ ಇರುತ್ತದೆ ಅಂತ. ಒಂದು ಸಣ್ಣ ತಪ್ಪು ಸಿಕ್ಕಿದರೂ ಸರಿಮಾಡಿಸಿ ಮತ್ತೆ ತೋರಿಸಬೇಕು. ಈ ತಪಾಸಣೆ ಬೇಡ ಅಂತ ಯಾರೂ ಹೇಳಲಾರರು. ಆದರೆ ಅಲ್ಲಿಯವರೆಗೆ ಮನೆ ಖಾಲಿ. ಬಾಗಿಲಲ್ಲಿ ಇನ್ನೊಬ್ಬ ನಗದು ಹಿಡಿದು ನಿಂತಿದ್ದರೆ ಓನರ್ ಯಾರಿಗೆ ಕೊಡುತ್ತಾನೆ?

ಓನರ್‌ಗೆ ಲಾಭವೂ ಇಲ್ಲದಿಲ್ಲ. ಸರ್ಕಾರದ ಪಾಲು ತಿಂಗಳು ತಿಂಗಳು ತಪ್ಪದೆ ಬರುತ್ತದೆ. ಬಾಡಿಗೆದಾರರ ಕೆಲಸ ಹೋದರೆ ಸರ್ಕಾರದ ಪಾಲು ಏರುತ್ತದೆ, ಬಾಡಿಗೆ ನಿಲ್ಲುವುದಿಲ್ಲ. ಆದರೂ 2018ರಲ್ಲಿ ಅರ್ಬನ್ ಇನ್‌ಸ್ಟಿಟ್ಯೂಟ್ ಸಂಸ್ಥೆಯವರು ಐದು ಕಡೆ ಓನರ್‌ಗಳಿಗೆ ಫೋನ್ ಮಾಡಿ 'ವೋಚರ್ ತಗೋತೀರಾ' ಅಂತ ಕೇಳಿ ನೋಡಿದಾಗ, ಟೆಕ್ಸಸ್‌ನ ಫೋರ್ಟ್ ವರ್ತ್‌ನಲ್ಲಿ ನೂರಕ್ಕೆ 78 ಮಂದಿ 'ಇಲ್ಲ' ಅಂದರು. ಲಾಸ್ ಏಂಜಲೀಸ್‌ನಲ್ಲಿ 76. ಫಿಲಡೆಲ್ಫಿಯಾದಲ್ಲಿ 67. ನ್ಯೂಜೆರ್ಸಿಯ ನ್ಯೂಆರ್ಕ್‌ನಲ್ಲಿ 31. ವಾಷಿಂಗ್ಟನ್ ನಗರದಲ್ಲಿ ಬರೀ 15.

ಇಷ್ಟು ವ್ಯತ್ಯಾಸ ಯಾಕೆ? ವಾಷಿಂಗ್ಟನ್, ನ್ಯೂಜೆರ್ಸಿಗಳಲ್ಲಿ ವೋಚರ್ ಅನ್ನೋ ಒಂದೇ ಕಾರಣಕ್ಕೆ ಬಾಡಿಗೆದಾರರನ್ನು ವಾಪಸ್ ಕಳಿಸುವುದು ಕಾನೂನಿಗೆ ವಿರುದ್ಧ. ಕೇಂದ್ರದ ಕಾನೂನಿನಲ್ಲಿ ಅಂಥ ರಕ್ಷಣೆ ಇಲ್ಲ. ಜನಾಂಗ, ಧರ್ಮ ನೋಡಿ ಇಲ್ಲ ಅನ್ನುವಂತಿಲ್ಲ, ವೋಚರ್ ನೋಡಿ ಇಲ್ಲ ಅನ್ನಬಹುದು. ಟೆಕ್ಸಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 2015ರಲ್ಲಿ, ಇಂಥ ರಕ್ಷಣೆಯ ಕಾನೂನನ್ನು ನಗರಗಳು ತರುವಂತೆಯೇ ಇಲ್ಲ ಅಂದಿತು. 2022ರಲ್ಲಿ ಡಲ್ಲಾಸ್ ಹತ್ತಿರದ ಪ್ರಾವಿಡೆನ್ಸ್ ವಿಲೇಜ್‌ನಲ್ಲಿ ನಿವಾಸಿಗಳ ಸಂಘ ವೋಚರ್ ಕುಟುಂಬಗಳಿಗೆ ಮನೆ ಕೊಡಬಾರದು ಅಂತಲೇ ನಿಯಮ ಮಾಡಿತು. ಅಲ್ಲಿ ಆಗಲೇ ವಾಸವಿದ್ದ ವೋಚರ್ ಕುಟುಂಬಗಳಲ್ಲಿ ಹೆಚ್ಚಿನವು ಕಪ್ಪು ಜನಾಂಗದವು. ಗಲಾಟೆಯಾಗಿ ಮರುವರ್ಷ ರಾಜ್ಯವೇ ಸಂಘಗಳು ಹಾಗೆ ಮಾಡದಂತೆ ಕಾನೂನು ತಂದಿತು. ಆದರೆ ಒಬ್ಬೊಬ್ಬ ಓನರ್ ತಾನಾಗಿ ಇಲ್ಲ ಅಂದರೆ ಟೆಕ್ಸಸ್‌ನಲ್ಲಿ ಈಗಲೂ ಕೇಳುವವರಿಲ್ಲ.

ಡಲ್ಲಾಸ್ ಅಂದ ಮೇಲೆ ನಮ್ಮವರ ವಿಷಯಕ್ಕೂ ಬರಬೇಕಲ್ವಾ. ಎಚ್-1ಬಿ ವೀಸಾದಲ್ಲಿ ಇರುವ ಕನ್ನಡಿಗರಿಗೆ ಈ ವೋಚರ್ ಸಿಗುವುದಿಲ್ಲ, ಆ ವೀಸಾದವರು ಇದಕ್ಕೆ ಅರ್ಹರೇ ಅಲ್ಲ. ಗ್ರೀನ್ ಕಾರ್ಡ್ ಇದ್ದರೆ ಅರ್ಜಿ ಹಾಕಬಹುದು. ಆದರೆ ನಮ್ಮವರು ಈ ಕತೆಯಲ್ಲಿ ಎದುರಾಗುವುದು ಬಹುಪಾಲು ಇನ್ನೊಂದು ಕಡೆಯಿಂದ. ಆಸ್ಟಿನ್, ಡಲ್ಲಾಸ್ ಸುತ್ತ ಒಂದೆರಡು ಮನೆ ಕೊಂಡು ಬಾಡಿಗೆಗೆ ಬಿಟ್ಟ ಕನ್ನಡಿಗರಿದ್ದಾರೆ. ವೋಚರ್ ಹಿಡಿದ ಆ ತಾಯಿಯ ಫೋನ್ ಅವರಿಗೇ ಬರಬಹುದು. ಊರಲ್ಲಿ 'ಬ್ಯಾಚುಲರಾ? ಯಾವ ಜನ? ನಾನ್‌ವೆಜ್ ಮಾಡ್ತೀರಾ?' ಅನ್ನೋ ಪ್ರಶ್ನೆ ಕೇಳಿಸಿಕೊಂಡು ಬೆಳೆದವರು ಆ ಫೋನ್‌ಗೆ ಏನು ಉತ್ತರ ಕೊಡುತ್ತಾರೆ?

ಚೀಟಿ ಸಿಕ್ಕವರಲ್ಲಿ ನೂರಕ್ಕೆ ಸುಮಾರು 60 ಮಂದಿಗೆ ಮಾತ್ರ ಗಡುವಿನೊಳಗೆ ಮನೆ ಸಿಗುತ್ತದೆ. ಉಳಿದವರು ಚೀಟಿ ವಾಪಸ್ ಕೊಡಬೇಕು. ಅದು ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ.

ಇಷ್ಟು ದುಡ್ಡು ಸುರಿದರೆ ಬಾಡಿಗೆಯೇ ಏರುವುದಿಲ್ಲವಾ ಅನ್ನೋದು ಸಹಜ ಅನುಮಾನ. ಇದಕ್ಕೆ ಒಂದೇ ಉತ್ತರ ಇಲ್ಲ. 1970ರ ದಶಕದಲ್ಲಿ ವಿಸ್ಕಾನ್ಸಿನ್‌ನ ಗ್ರೀನ್ ಬೇ ಮತ್ತು ಇಂಡಿಯಾನಾದ ಸೌತ್ ಬೆಂಡ್‌ಗಳಲ್ಲಿ ಅರ್ಹರಿಗೆಲ್ಲ ಬಾಡಿಗೆ ಭತ್ಯೆ ಕೊಟ್ಟು ಪ್ರಯೋಗ ಮಾಡಿದರು. ಬಾಡಿಗೆ ಹೇಳಿಕೊಳ್ಳುವಷ್ಟು ಏರಲಿಲ್ಲ. ಆಮೇಲೆ 90 ಮಹಾನಗರಗಳನ್ನು ಹೋಲಿಸಿದ ಒಂದು ಅಧ್ಯಯನ, ವೋಚರ್ ಸಿಗದ ಬಡವರ ಬಾಡಿಗೆ ಏರಿದೆ ಅಂದಿತು. ನನಗೆ ಅನಿಸುವುದು ಇಷ್ಟು. ಹೊಸ ಮನೆ ಕಟ್ಟಲು ಜಾಗವೂ ಅನುಮತಿಯೂ ಸಿಗುವ ಊರಲ್ಲಿ ವೋಚರ್ ಮನೆ ತರುತ್ತದೆ. ಸಿಗದ ಊರಲ್ಲಿ ಅದೇ ದುಡ್ಡಿನ ಒಂದು ಪಾಲು ಓನರ್ ಜೇಬಿಗೆ ಜಾರುತ್ತದೆ.

ಮನೆ ಸಿಕ್ಕವರಿಗೆ ಉಪಯೋಗ ಆಯಿತಾ? ಆಗಿದೆ, ಅದೂ ಯಾರೂ ಎಣಿಸದ ಕಡೆ. 1994ರಿಂದ 1998ರವರೆಗೆ ಬಾಲ್ಟಿಮೋರ್, ಬಾಸ್ಟನ್, ಶಿಕಾಗೊ, ಲಾಸ್ ಏಂಜಲೀಸ್, ನ್ಯೂಯಾರ್ಕ್‌ಗಳ ಸುಮಾರು 4,600 ಕುಟುಂಬಗಳ ನಡುವೆ ಲಾಟರಿ ಎತ್ತಿದ್ದರು. ಕೆಲವರಿಗೆ ಬಡತನ ಕಡಿಮೆ ಇರುವ ಬಡಾವಣೆಯಲ್ಲೇ ಬಳಸಬೇಕಾದ ವೋಚರ್. ವರ್ಷಗಟ್ಟಲೆ ನೋಡಿದರೂ ದೊಡ್ಡವರ ಸಂಬಳ ಏರಲಿಲ್ಲ, ಪ್ರಯೋಗ ಸೋತಿತು ಅಂದುಕೊಂಡರು. ದೆಹಲಿಯಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಜೊತೆಗಾರರು 2015ರಲ್ಲಿ, ಲಾಟರಿ ಎತ್ತಿದಾಗ ಮಕ್ಕಳಾಗಿದ್ದವರ ತೆರಿಗೆ ದಾಖಲೆ ತೆಗೆದು ನೋಡಿದರು. 13 ವರ್ಷ ತುಂಬುವ ಮೊದಲು ಆ ಬಡಾವಣೆಗಳಿಗೆ ಹೋದ ಮಕ್ಕಳು 25ರ ಆಸುಪಾಸಿನಲ್ಲಿ ಶೇ 31ರಷ್ಟು ಜಾಸ್ತಿ ದುಡಿಯುತ್ತಿದ್ದರು. ಹದಿಹರೆಯದಲ್ಲಿ ಹೋದವರಿಗೆ ಆ ಲಾಭ ಇರಲಿಲ್ಲ.

ಹಾಗಾದರೆ ಎಲ್ಲರೂ ಒಳ್ಳೆಯ ಬಡಾವಣೆಗೇ ಯಾಕೆ ಹೋಗುವುದಿಲ್ಲ? ಅವರಿಗೇ ಇಷ್ಟ ಇಲ್ಲ ಅನ್ನೋ ಮಾತು ಬಹಳ ವರ್ಷ ಚಾಲ್ತಿಯಲ್ಲಿತ್ತು. ಸಿಯಾಟಲ್ ಸುತ್ತ 2018ರಲ್ಲಿ ಶುರುವಾದ ಪ್ರಯೋಗದಲ್ಲಿ ವೋಚರ್ ಮೊತ್ತ ಏರಿಸಲಿಲ್ಲ. ಒಬ್ಬ ಸಹಾಯಕರನ್ನು ಜೊತೆಗೆ ಕೊಟ್ಟರು. ಅವರು ಓನರ್‌ಗಳಿಗೆ ಫೋನ್ ಮಾಡಿ ಮಾತಾಡಿದರು, ಅರ್ಜಿ ತುಂಬಿಸಿದರು, ಡಿಪಾಸಿಟ್‌ಗೆ ಸ್ವಲ್ಪ ದುಡ್ಡು ಹೊಂದಿಸಿದರು. ಆ ಸಹಾಯ ಸಿಗದವರಲ್ಲಿ ಶೇ 15ರಷ್ಟು ಮಂದಿ ಒಳ್ಳೆಯ ಬಡಾವಣೆ ಸೇರಿದ್ದರೆ, ಸಿಕ್ಕವರಲ್ಲಿ ಶೇ 53 ಸೇರಿದರು. ಇಷ್ಟ ಇಲ್ಲದ್ದಲ್ಲ, ಬಾಗಿಲು ತಟ್ಟುವಾಗ ಜೊತೆಗೆ ಯಾರೂ ಇರಲಿಲ್ಲ.

ಈಗ ಈ ವ್ಯವಸ್ಥೆಯೇ ಅಲುಗಾಡುತ್ತಿದೆ. ಕೋವಿಡ್ ಕಾಲದಲ್ಲಿ, 2021ರಲ್ಲಿ, 500 ಕೋಟಿ ಡಾಲರ್ ಇಟ್ಟು ಸುಮಾರು 70,000 ತುರ್ತು ವೋಚರ್ ಕೊಟ್ಟಿದ್ದರು. 2030ರವರೆಗೆ ನಡೆಯಬೇಕಿದ್ದ ದುಡ್ಡು ಬಾಡಿಗೆ ಏರಿದ್ದರಿಂದ ಬೇಗ ಕರಗಿತು. 2026ರಲ್ಲಿ ಮುಗಿಯುತ್ತದೆ ಅಂತ 2025ರಲ್ಲೇ ಪ್ರಾಧಿಕಾರಗಳಿಗೆ ಪತ್ರ ಹೋಯಿತು. ಅದೇ 2025ರ ಮೇ ತಿಂಗಳಲ್ಲಿ ಟ್ರಂಪ್ ಸರ್ಕಾರ ಬಾಡಿಗೆ ಸಹಾಯವನ್ನು ಶೇ 43ರಷ್ಟು ಕಡಿದು ರಾಜ್ಯಗಳ ಕೈಗೆ ಒಪ್ಪಿಸುವ, ದುಡಿಯಲು ಶಕ್ತರಾದವರಿಗೆ ಎರಡೇ ವರ್ಷ ಕೊಡುವ ಪ್ರಸ್ತಾಪ ಮುಂದಿಟ್ಟಿತು. ಎರಡು ವರ್ಷದ ಮಾತಿನಲ್ಲಿ ಒಂದು ತರ್ಕ ಇದೆ. ನಾಲ್ವರಲ್ಲಿ ಒಬ್ಬರಿಗೇ ಸಿಗುವುದಾದರೆ ಸರದಿ ತಿರುಗಲಿ ಅಂತ. ಆದರೆ ಎರಡು ವರ್ಷದಲ್ಲಿ 2,080 ಡಾಲರ್ ಸಂಬಳದ ಆ ತಾಯಿಗೆ 1,500 ಡಾಲರ್ ಬಾಡಿಗೆ ಒಬ್ಬಳೇ ಕಟ್ಟುವಷ್ಟು ಸಂಬಳ ಯಾರು ಏರಿಸುತ್ತಾರೆ ಅನ್ನೋದಕ್ಕೆ ಆ ಪ್ರಸ್ತಾಪದಲ್ಲಿ ಉತ್ತರ ಇಲ್ಲ.

ನಮ್ಮಲ್ಲಿ ಬಾಡಿಗೆಗೆ ಸಬ್ಸಿಡಿಯೇ ಇಲ್ಲ ಅಂದುಕೊಂಡಿದ್ದೇವೆ. ಇದೆ. ಸಂಬಳದ ಜೊತೆ ಬರುವ ಮನೆ ಬಾಡಿಗೆ ಭತ್ಯೆಗೆ, ಅಂದರೆ ಎಚ್‌ಆರ್‌ಎಗೆ, ಸಿಗುವ ತೆರಿಗೆ ವಿನಾಯಿತಿ ಅದೇ. ಹಳೆ ತೆರಿಗೆ ಪದ್ಧತಿಯಲ್ಲಿ ಇರುವ ಒಬ್ಬ ಐಟಿ ಉದ್ಯೋಗಿಯನ್ನು ತೆಗೆದುಕೊಳ್ಳಿ. ತಿಂಗಳಿಗೆ ಮೂಲ ಸಂಬಳ (ಬೇಸಿಕ್) 80,000, ಎಚ್‌ಆರ್‌ಎ 32,000, ಮನೆ ಬಾಡಿಗೆ 30,000. ಬಾಡಿಗೆಯಲ್ಲಿ ಬೇಸಿಕ್‌ನ ಶೇ 10 ಕಳೆದರೆ 22,000. ಅಷ್ಟಕ್ಕೆ ತೆರಿಗೆ ಇಲ್ಲ. ಶೇ 30ರ ಸ್ಲ್ಯಾಬ್‌ನಲ್ಲಿದ್ದರೆ ಸೆಸ್ ಸೇರಿ ತಿಂಗಳಿಗೆ 6,864 ರೂಪಾಯಿ ಉಳಿಯಿತು. ಬೊಕ್ಕಸಕ್ಕೆ ಬರಬೇಕಿದ್ದ ದುಡ್ಡು ಬಾಡಿಗೆಗೆ ಹೋಯಿತು. ಪೀಣ್ಯದ ಕಡೆ ಒಂದು ರೂಮಿನ ಮನೆಗೆ ಗಾರ್ಮೆಂಟ್ಸ್ ಹೆಣ್ಣುಮಗಳೊಬ್ಬಳು ಕೊಡುವ ಬಾಡಿಗೆಯೂ ಹತ್ತಿರ ಹತ್ತಿರ ಇಷ್ಟೇ. ಆಕೆಗೆ ತೆರಿಗೆ ಕಟ್ಟುವಷ್ಟು ಸಂಬಳವಿಲ್ಲ, ಹಾಗಾಗಿ ವಿನಾಯಿತಿಯೂ ಇಲ್ಲ. ಇಲ್ಲಿ ಲಾಟರಿಯ ತಾಪತ್ರಯ ಇಲ್ಲ, ವೇಟಿಂಗ್ ಲಿಸ್ಟ್ ಇಲ್ಲ. ಸಂಬಳ ದೊಡ್ಡದಿದ್ದರೆ ಸಾಕು.

ವೋಚರ್ ಮಾತು ನಮ್ಮಲ್ಲೂ ಎದ್ದಿತ್ತು. 2015ರ ನಗರ ಬಾಡಿಗೆ ವಸತಿ ನೀತಿಯ ಕರಡಿನಲ್ಲಿ ಇತ್ತು, 2017ರಲ್ಲಿ ಮತ್ತೆ ಸುದ್ದಿಯಾಯಿತು, ಆಮೇಲೆ ತಣ್ಣಗಾಯಿತು. 2020ರಲ್ಲಿ ವಲಸೆ ಕಾರ್ಮಿಕರು ನಡೆದೇ ಊರು ಸೇರಿದ ಮೇಲೆ ಬಂದ ಯೋಜನೆ ಖಾಲಿ ಬಿದ್ದ ಸರ್ಕಾರಿ ಮನೆಗಳನ್ನು ಬಾಡಿಗೆಗೆ ಕೊಡುವುದು ಮತ್ತು ಹೊಸದಾಗಿ ಕಟ್ಟಿಸುವುದು. 2024ರ ಪಿಎಂ ಆವಾಸ್ ನಗರ 2.0ರಲ್ಲೂ ಬಾಡಿಗೆ ವಸತಿಯ ವಿಭಾಗ ಇದೆ, ಅದೂ ಕಟ್ಟಡದ ಲೆಕ್ಕವೇ. ಬಾಡಿಗೆದಾರರ ಹೆಸರಲ್ಲಿ ದುಡ್ಡು ಕೊಡುವ ಹಾದಿಗೆ ಯಾರೂ ಇಳಿದಿಲ್ಲ.

ಇಳಿದರೂ ಸುಲಭವಲ್ಲ. ನೂರರಲ್ಲಿ ನಲವತ್ತನೆಯ ಬಾಡಿಗೆ ಎಷ್ಟು ಅಂತ ಲಗ್ಗೆರೆಗೋ ಬೊಮ್ಮನಹಳ್ಳಿಗೋ ಯಾರು ಹೇಳುತ್ತಾರೆ? ಬಾಡಿಗೆ ಕೈಯಿಂದ ಕೈಗೆ ಹೋಗುತ್ತದೆ. ಕರಾರು ಇದ್ದರೆ 11 ತಿಂಗಳದ್ದು, ಯಾಕೆಂದರೆ ವರ್ಷ ದಾಟಿದರೆ ನೋಂದಣಿ ಮಾಡಿಸಬೇಕು ಅಂತ 1908ರ ಕಾಯ್ದೆ ಹೇಳುತ್ತದೆ. ಬಾಡಿಗೆ ಆದಾಯ ಕಾಗದದ ಮೇಲೆ ಬರುವುದು ಎಷ್ಟೋ ಓನರ್‌ಗಳಿಗೆ ಬೇಕಿಲ್ಲ. ವೋಚರ್ ಒಪ್ಪಿದರೆ ಬಂದೇ ಬರುತ್ತದೆ. ಇನ್ನು ಅಡ್ವಾನ್ಸ್. 2021ರ ಮಾದರಿ ಬಾಡಿಗೆ ಕಾಯ್ದೆ ಎರಡು ತಿಂಗಳಿಗಿಂತ ಜಾಸ್ತಿ ಬೇಡ ಅಂದಿತು, ರಾಜ್ಯಗಳು ಒಪ್ಪಿಕೊಂಡರೆ ಮಾತ್ರ ಅದಕ್ಕೆ ಬೆಲೆ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಪದ್ಧತಿ ಎಲ್ಲರಿಗೂ ಗೊತ್ತು. 7,000 ಬಾಡಿಗೆಯ ಮನೆಗೆ 70,000 ಮೊದಲೇ ಇಡಬೇಕು. ತಿಂಗಳ ವೋಚರ್ ಇದನ್ನು ಮುಟ್ಟುವುದೇ ಇಲ್ಲ.

ಬಾಡಿಗೆದಾರರ ಹೆಸರಿಗೇ ಬರುವ ಸಹಾಯವನ್ನು ಕರ್ನಾಟಕ ಒಂದು ಕಡೆ ಮಾತ್ರ ಮಾಡಿ ನೋಡಿದೆ. 2023ರ ಗೃಹಜ್ಯೋತಿ. 200 ಯೂನಿಟ್‌ವರೆಗಿನ ಉಚಿತ ವಿದ್ಯುತ್ ಬಾಡಿಗೆ ಮನೆಯವರಿಗೂ ಉಂಟು ಅಂದರು. ಆಧಾರ್ ನಂಬರನ್ನೂ ಕರೆಂಟ್ ಬಿಲ್ಲಿನ ಅಕೌಂಟ್ ನಂಬರನ್ನೂ ಜೋಡಿಸಿದರೆ ಆಯಿತು. ಮನೆ ಬದಲಿಸಿದರೆ ಹಳೆಯದರಿಂದ ಬಿಡಿಸಿ ಹೊಸದಕ್ಕೆ ಜೋಡಿಸಬೇಕು. ಸೌಲಭ್ಯ ಬಾಡಿಗೆದಾರರ ಜೊತೆಗೇ ನಡೆಯುತ್ತದೆ, ವೋಚರ್ ಹಾಗೇ. ತನ್ನದೇ ಮೀಟರ್ ಇರುವ ಮನೆಗಳಲ್ಲಿ ಬಿಲ್ ಸೊನ್ನೆ ಬಂದಿದೆ.

ಆದರೆ ಒಂದು ವಠಾರ ನೋಡಿ. ಸಾಲಾಗಿ ಆರು ಮನೆ, ಹೊರಗೆ ಇಲಾಖೆಯ ಮೀಟರ್ ಒಂದೇ. ಒಳಗೆ ಮನೆಗೊಂದರಂತೆ ಓನರ್ ಹಾಕಿಸಿದ ಸಬ್ ಮೀಟರ್. ತಿಂಗಳ ಕೊನೆಗೆ ಓನರ್ ಅವನ್ನು ನೋಡಿಕೊಂಡು ಹೋಗಿ, ಯೂನಿಟ್‌ಗೆ ಇಷ್ಟು ಅಂತ ಚೀಟಿ ಬರೆದು ಬಾಗಿಲ ಸಂದಿಗೆ ಸಿಕ್ಕಿಸುತ್ತಾರೆ. ಅಲ್ಲಿ ಬಾಡಿಗೆಗೆ ಇರುವವರು ಆಧಾರ್ ಹಿಡಿದುಕೊಂಡು ಹೋದರೆ, ಜೋಡಿಸಲು ಅವರ ಹತ್ತಿರ ಅಕೌಂಟ್ ನಂಬರ್ ಇಲ್ಲ.